ಉದ್ದನೆಯ ಪದ ಮುರಿಯುವ ವಿದ್ಯೆ

ಮೊನ್ನೆ ಬ್ಯಾಂಕಿನಲ್ಲಿ ನನ್ನ ಸರದಿಗಾಗಿ ಕಾಯುತ್ತ ಕೂತಿದ್ದೆ. ಎದುರಿನ ಗಾಜಿನ ಬಾಗಿಲ ಮೇಲೆ ‘ಅಡ್ಮಿನಿಸ್ಟ್ರೇಷನ್’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಕನಿಕರದಿಂದ, “ಹಲ್ಲುನೋವೇನ್ರೀ? ಒಂದು ಲವಂಗ ಇಟ್ಕೊಳ್ಳಿ” ಎಂದರು. ಆಗ ನನಗೆ ಎಚ್ಚರವಾಯಿತು. ನನ್ನ ಬಲ ಅಂಗೈ ತಾನಾಗಿಯೇ ಗದ್ದದ ಕೆಳಗೆ ಹೋಗಿ ಕೂತಿತ್ತು. ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಅಡ್-ಮಿ-ನಿ-ಸ್ಟ್ರೇ-ಷನ್. ಒತ್ತು ‘ಸ್ಟ್ರೇ’ಗೆ.

“ಹಲ್ಲುನೋವಲ್ಲ ಕಣ್ರೀ, ಇಂಗ್ಲಿಷು” ಎನ್ನಬೇಕೆನಿಸಿತು. ಹಾಗೆಂದರೆ ಆಕೆ ಇದು ಲವಂಗಕ್ಕೆ ಬಗ್ಗದ ಕಾಯಿಲೆಯೆಂದು ಎದ್ದು ದೂರ ಹೋಗಿ ಕೂತಾರು. “ಹೂಂ, ಸ್ವಲ್ಪ” ಎಂದು ಸುಮ್ಮನಾದೆ.

ಈ ಚಾಳಿ ಅಂಟಿಸಿದವರು ವಿಮಲಾ ಟೀಚರ್. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ದಬ್ಬೇಘಟ್ಟದ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ನಮ್ಮ ಊರು ಅಲ್ಲಿಂದ ನಡೆದು ಹೋಗುವಷ್ಟು ದೂರ. ಹಾಸನದ ಕಡೆಯಿಂದ ಇಂಗ್ಲಿಷ್ ಪಾಠಕ್ಕೆಂದು ಬಂದ ಟೀಚರಿಗೆ ದಬ್ಬೇಘಟ್ಟದಲ್ಲಿ ಸರಿಯಾದ ಮನೆ ಸಿಗಲಿಲ್ಲ. ಅಪ್ಪ ನಮ್ಮ ಮನೆಯ ಮುಂದಿನ ಕೋಣೆ ಖಾಲಿ ಮಾಡಿಸಿ ಕೊಟ್ಟರು. ಅದುವರೆಗೆ ಅಲ್ಲಿ ಕೊಬ್ಬರಿ ತುಂಬಿದ ಚೀಲಗಳಿದ್ದವು. ಎಷ್ಟು ತೊಳೆದರೂ ಆ ವಾಸನೆ ಹೋಗಲಿಲ್ಲ, ಟೀಚರ ಸೀರೆಗಳಿಗೂ ಹತ್ತಿತು. ಅವರು ಕ್ಲಾಸಿನೊಳಗೆ ಬಂದರೆ ಹಿಂದಿನ ಬೆಂಚಿನವರಿಗೆ ಹಸಿವಾಗುತ್ತಿತ್ತು.

ನಾವೆಲ್ಲ ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಂಡವರು. ನಾಲ್ಕು ಅಕ್ಷರದ ಪದವಾದರೆ ಹೇಗೋ ನುಂಗುತ್ತಿದ್ದೆವು. ಉದ್ದನೆಯ ಪದ ಬಂದರೆ ಮುಂದಿನ ಎರಡು ಅಕ್ಷರ ನೋಡಿ, ಹಿಂದಿನ ಎರಡು ಅಕ್ಷರ ನೋಡಿ, ನಡುವೆ ಕೆಮ್ಮಿಬಿಡುತ್ತಿದ್ದೆವು. ಟೀಚರ್ ಒಂದು ವಾರ ಈ ಕೆಮ್ಮು ಕೇಳಿದರು. ಆಮೇಲೆ ಒಂದು ದಿನ ಪುಸ್ತಕ ಮುಚ್ಚಿಸಿ, “ಎಲ್ಲರೂ ಅಂಗೈನ ಗದ್ದದ ಕೆಳಗಿಡಿ” ಎಂದರು. “ಈಗ ಹೇಳಿ, ಇಂಪಾರ್ಟೆಂಟ್. ಗದ್ದ ಎಷ್ಟು ಸಲ ಕೈಗೆ ತಗಲಿತು?”

ಮೂರು ಸಲ ತಗಲಿತ್ತು. ಇಂ-ಪಾರ್-ಟೆಂಟ್.

“ಅಷ್ಟೇ. ಅದು ಮೂರು ತುಂಡಿನ ಪದ. ಉದ್ದ ಪದ ಅಂತ ಲೋಕದಲ್ಲಿ ಯಾವುದೂ ಇಲ್ಲ. ಸಣ್ಣ ಸಣ್ಣ ತುಂಡುಗಳು ಕೈ ಹಿಡ್ಕೊಂಡು ನಿಂತಿರ್ತವೆ, ಅಷ್ಟೇ.”

ಅವತ್ತು ಹೆಡ್‌ಮಾಸ್ಟರು ಕಿಟಕಿಯ ಆಚೆ ಹಾದು ಹೋಗುತ್ತ, ಇಡೀ ಕ್ಲಾಸು ಗದ್ದಕ್ಕೆ ಕೈ ಕೊಟ್ಟು ಕೂತಿದ್ದು ಕಂಡು ನಿಂತೇಬಿಟ್ಟರು. “ಏನ್ ಟೀಚರ್, ಎಲ್ರಿಗೂ ಒಟ್ಟಿಗೇ ಮಂಗನಬಾವು ಬಂತಾ?”

ನಮಗೆ ಅದೊಂದು ಹೊಸ ಆಟವಾಯಿತು. ಎಂಟು ಅಕ್ಷರಗಳ ‘ಸ್ಟ್ರೆಂಗ್ತ್’ಗೆ ಗದ್ದ ಒಂದೇ ಸಲ ಇಳಿಯುತ್ತದೆ, ನಾಲ್ಕೇ ಅಕ್ಷರಗಳ ‘ಐಡಿಯಾ’ಕ್ಕೆ ಮೂರು ಸಲ ಎಂದು ಕಂಡುಹಿಡಿದಾಗ ಇಂಗ್ಲಿಷರ ಮೇಲೆ ನಮಗೆ ಮೊದಲ ಸಲ ಅನುಮಾನ ಬಂತು. ಮುಂದೆ ಒತ್ತಿನ ಪಾಠ ಶುರುವಾಯಿತು. “ಕನ್ನಡದಲ್ಲಿ ಅಕ್ಷರಗಳೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ, ಎಲ್ಲರಿಗೂ ಅಷ್ಟಷ್ಟೇ ಬಡಿಸ್ತಾರೆ. ಇಂಗ್ಲಿಷಲ್ಲಿ ಒಬ್ಬನಿಗೆ ಮಾತ್ರ ಮಣೆ, ಮಿಕ್ಕವರಿಗೆ ಬರೀ ನೆಲ” ಎಂದರು ಟೀಚರ್. ಆ ಮಣೆಯಾದರೂ ಒಂದು ಕಡೆ ನಿಲ್ಲುತ್ತದೆಯೇ? ‘ಫೋಟೋಗ್ರಾಫ್’ನಲ್ಲಿ ಮೊದಲನೆಯದಕ್ಕೆ ಹಾಕಿದ್ದನ್ನು ‘ಫೊಟಾಗ್ರಫರ್’ ಎನ್ನುವಾಗ ಎರಡನೆಯದಕ್ಕೆ ಎಳೆಯಬೇಕು, ‘ಫೋಟೋಗ್ರಾಫಿಕ್’ ಎನ್ನುವಾಗ ಮೂರನೆಯದಕ್ಕೆ. ನಮ್ಮ ಕ್ಲಾಸಿನ ಬಸವರಾಜ ಎದ್ದು ನಿಂತು, “ಒಂದ್ ಕಡೆ ಕೂರಕ್ಕೆ ಏನ್ ಟೀಚರ್ ಅದಕ್ಕೆ ರೋಗ?” ಎಂದು ಕೇಳಿದ. ಟೀಚರ್ ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟರು. ಪದದ ಕೊನೆಗೆ ‘ಷನ್’ ಬಂದರೆ ಮಾತ್ರ ಯೋಚನೆಯಿಲ್ಲ, ಕಣ್ಣು ಮುಚ್ಚಿ ಅದರ ಹಿಂದಿನ ತುಂಡಿಗೆ ಮಣೆ ಹಾಕಬಹುದು ಎಂದು ಹೇಳಿಕೊಟ್ಟರು. ಇವತ್ತಿಗೂ ನಾನು ‘ಷನ್’ ಕಂಡರೆ ನೆಂಟರು ಸಿಕ್ಕಷ್ಟು ಖುಷಿಪಡುತ್ತೇನೆ.

ಆಮೇಲೆ ಪದದ ತಲೆಗೂ ಬಾಲಕ್ಕೂ ಸೇರುವ ತುಂಡುಗಳು ಬಂದವು. ಮುಂದೆ ‘ಅನ್’ ಹಚ್ಚಿದರೆ ಅಲ್ಲ ಎಂದರ್ಥ, ಹಿಂದೆ ‘ಏಬಲ್’ ಹಚ್ಚಿದರೆ ಆಗುವಂಥದ್ದು ಎಂದರ್ಥ. ಅನ್-ಬ್ರೇಕ್-ಏಬಲ್, ಒಡೆಯಲಾಗದ್ದು. ಈ ವಿದ್ಯೆ ಕೈಗೆ ಬಂದ ದಿನ ನಾನು ಮನೆಯಲ್ಲಿ ಯಾವ ಪದಾರ್ಥವನ್ನೂ ಬಿಡಲಿಲ್ಲ. ಅಜ್ಜಿ ಬಡಿಸಿದ ಹುರುಳಿಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು. “ಅಜ್ಜಿ, ಈ ಸಾರು ಅನ್-ಉಣ್ಣಬಲ್” ಎಂದೆ.

“ಉಣ್ಣಬಲ್ಲೆ ಅಂದ್ಯಲ್ಲ, ಉಣ್ಣು ಮತ್ತೆ” ಎಂದು ಅಜ್ಜಿ ಇನ್ನೊಂದು ಸೌಟು ಸುರಿದರು.

ನನ್ನ ಈ ಪಾಂಡಿತ್ಯಕ್ಕೆ ಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದವಳು ಒಬ್ಬಳೇ, ಗಿರಿಜಕ್ಕ.

ಗಿರಿಜಕ್ಕ ನನ್ನ ಒಡಹುಟ್ಟಿದ ಅಕ್ಕ. ನನಗಿಂತ ಸಾಕಷ್ಟು ದೊಡ್ಡವಳು, ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು. ಅವಳಿಗೆ ಉಗ್ಗಿತ್ತು. ಕರುವಿನ ಕಿವಿಯಲ್ಲಿ ಏನು ಬೇಕಾದರೂ ತಡೆಯಿಲ್ಲದೆ ಹೇಳುತ್ತಿದ್ದಳು. ದೇವರ ಮುಂದೆ ಹಾಡು ಹೇಳುತ್ತಿದ್ದಳು. ಆದರೆ ಮನುಷ್ಯರ ಮುಖ ಎದುರಿಗೆ ಬಂದರೆ ಮೊದಲ ಅಕ್ಷರ ಗಂಟಲ ಬಾಗಿಲಿಗೆ ಅಡ್ಡಬೀಳುತ್ತಿತ್ತು. ಅದರ ಹಿಂದೆ ಮಿಕ್ಕ ಮಾತೆಲ್ಲ ನೂಕುನುಗ್ಗಲಾಗಿ ನಿಲ್ಲುತ್ತಿತ್ತು. ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರು ಬರುತ್ತಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಪಾಠ ಓದಲು ನಿಲ್ಲಿಸಿದ್ದರಂತೆ. ‘ಭಾರತ’ ಎಂಬ ಪದದಿಂದ ಮುಂದೆ ಹೋಗಲು ಆಗಲಿಲ್ಲವಂತೆ. ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಮನೆಗೆ ಬಂದವಳು ಪುಸ್ತಕದ ಚೀಲವನ್ನು ಅಟ್ಟದ ಮೇಲೆ, ಕೊಬ್ಬರಿಯಾಗಲೆಂದು ಒಣಗಲು ಬಿಟ್ಟ ಕಾಯಿಗಳ ನಡುವೆ ಎಸೆದಳು. ಮತ್ತೆ ಸ್ಕೂಲಿನ ಕಡೆ ತಲೆಹಾಕಲಿಲ್ಲ. ನೀರು, ಕೊಟ್ಟಿಗೆ, ಒಲೆ, ತೆಂಗಿನ ಗರಿ ಸೀಳಿ ಪೊರಕೆ ಕಟ್ಟುವುದು, ಹೀಗೆ ಬಾಯಿ ಬೇಡದ ಕೆಲಸಗಳನ್ನೆಲ್ಲ ತನ್ನದಾಗಿಸಿಕೊಂಡಳು. ಹೊರಗಿನವರ ಎದುರು ಅವಳು ಬಾಯಿ ತೆರೆದದ್ದನ್ನು ನಾನಂತೂ ನೋಡಿರಲಿಲ್ಲ. ಊರಲ್ಲಿ ಕೆಲವರು ಅವಳನ್ನು ಮೂಗಿಯೆಂದೇ ತಿಳಿದಿದ್ದರು.

ಸಂಜೆ ಟೀಚರ್ ಪಡಸಾಲೆಯಲ್ಲಿ ನನಗೆ ಪಾಠ ಹೇಳುವಾಗ ಗಿರಿಜಕ್ಕ ನಡುಮನೆಯ ಬಾಗಿಲ ಹಿಂದೆ ಗರಿ ಸೀಳುತ್ತ ಕೂತಿರುತ್ತಿದ್ದಳು. ನಾವು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಆ ವರ್ಷವೇ ಕಾಯಿ ಸುಲಿಯುವಾಗ ಹಾರೆಯ ಚೂಪು ಅಪ್ಪನ ಅಂಗೈಗೆ ನಾಟಿತು. ತುರುವೇಕೆರೆಯ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು. ಕೊಟ್ಟ ಸ್ವಲ್ಪ ಹೊತ್ತಿಗೇ ಅಪ್ಪನ ಮೈಯೆಲ್ಲ ದದ್ದು, ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಏನೇನೋ ಮಾಡಿ ಉಳಿಸಿಕೊಂಡರು. ಕಳಿಸುವಾಗ, “ಪೆನಿಸಿಲಿನ್ ನಿಮ್ಮ ಮೈಗೆ ಒಗ್ಗಲ್ಲ. ಇನ್ನೊಂದ್ಸಲ ತಗೊಂಡ್ರೆ ಜೀವಕ್ಕೇ ಅಪಾಯ. ಮನೆಯವರೆಲ್ಲ ಈ ಹೆಸರು ಬಾಯಿಪಾಠ ಮಾಡ್ಕೊಳ್ಳಿ, ಯಾವ ಆಸ್ಪತ್ರೆಗೆ ಹೋದ್ರೂ ಮೊದಲು ಇದನ್ನ ಹೇಳಿ” ಎಂದು ಎಚ್ಚರಿಸಿದರು.

ಹೆಸರು ತುರುವೇಕೆರೆಯಿಂದ ನಮ್ಮೂರಿಗೆ ಬರುವಷ್ಟರಲ್ಲಿ ಸವೆದು ‘ಪೆನ್ಸಿಲು’ ಆಗಿತ್ತು. ಅಜ್ಜಿ ಗಾಬರಿಯಾಗಿ ನನ್ನ ಜಾಮಿಟ್ರಿ ಬಾಕ್ಸನ್ನು ಅಡುಗೆಮನೆಯ ಗೂಡಿನಲ್ಲಿಟ್ಟರು. ನಾನು ಪಡಸಾಲೆಯಲ್ಲಿ ಬರೆಯಲು ಕೂತರೆ, “ಲೇ ಪಾರೂ, ಆ ಪೆನ್ಸಿಲ್ನ ನಿಮ್ಮಪ್ಪನ್ ತಾವ ತಕೊಂಡೋಗ್ಬ್ಯಾಡ ಕಣೇ, ಗಾಳಿ ತಗಲೀತು” ಎನ್ನುತ್ತಿದ್ದರು. ಚಿಕ್ಕಪ್ಪ ಅದನ್ನು ‘ಪೆನ್ಸಿಲಿ’ ಎನ್ನುತ್ತಿದ್ದರು. ಅಮ್ಮ ‘ಆ ಕೆಟ್ಟ ಸೂಜಿ’ ಎಂದು ಮುಗಿಸುತ್ತಿದ್ದರು.

ವಿಷಯ ಕೇಳಿದ ಟೀಚರ್ ನಗಲಿಲ್ಲ. ಅವತ್ತು ಸಂಜೆ ಮನೆಯವರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ಗದ್ದದ ಕೆಳಗೆ ಕೈ ಇಡಿಸಿದರು. “ಪೆ. ನಿ. ಸಿ. ಲಿನ್. ನಾಲ್ಕು ತುಂಡು. ಮೂರನೆಯದಕ್ಕೆ ಒತ್ತು. ಯಾವುದನ್ನೂ ನುಂಗಬಾರದು. ನುಂಗಿದ್ರೆ ಅದು ಪೆನ್ಸಿಲ್ಲೇ.” ಅಪ್ಪ ಕಷ್ಟಪಟ್ಟು ಕಲಿತರು. ಚಿಕ್ಕಪ್ಪ, “ಆಯ್ತು ಬುಡಿ ಟೀಚರ್, ನಂಗ್ ಬತ್ತದೆ” ಎಂದು ಎದ್ದು ಹೋದರು. ಅಜ್ಜಿಗೆ ಹಲ್ಲಿಲ್ಲದ್ದರಿಂದ ‘ಸಿ’ ಗಾಳಿಯಾಗಿ ಹಾರಿಹೋಗುತ್ತಿತ್ತು. ಬಾಗಿಲ ಹಿಂದೆ ಗರಿ ಸೀಳುವ ಸದ್ದು ಮಾತ್ರ ಆ ಹೊತ್ತು ನಿಂತಿತ್ತು.

ಅದಾದ ಕೆಲವು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ, ನಾನೂ ಟೀಚರೂ ಹಿತ್ತಲ ಕಡೆ ಹೊರಟಿದ್ದೆವು. ಒಗೆಯುವ ಕಲ್ಲಿನ ಕಡೆಯಿಂದ ಹೆಂಗಸಿನ ದನಿಯೊಂದು ಕೇಳಿಸಿತು. ಒಂದೊಂದು ಏಟಿಗೂ ಒಂದೊಂದು ತುಂಡು.

“ಇನ್... ಫರ್... ಮೇ... ಷನ್.”

ಯಾರೋ ಹೊಸಬರು ಬಂದಿದ್ದಾರೆ ಅಂದುಕೊಂಡೆ. ಬಾಳೆಗಿಡದ ಮರೆಯಿಂದ ಇಣುಕಿದರೆ ಗಿರಿಜಕ್ಕ. ಅಪ್ಪನ ಪಂಚೆಯನ್ನು ಎತ್ತಿ ಎತ್ತಿ ಒಗೆಯುತ್ತಿದ್ದಾಳೆ. “ಎ... ಜು... ಕೇ... ಷನ್. ಅನ್... ಬ್ರೇ... ಕ... ಬಲ್.” ಎಲ್ಲೂ ತಡೆಯಿಲ್ಲ. ಕತ್ತಿನ ನರ ಉಬ್ಬಿಲ್ಲ. ನಾನು ‘ಅಕ್ಕಾ’ ಎಂದು ಕೂಗಲು ಹೊರಟಿದ್ದೆ, ಟೀಚರ್ ನನ್ನ ಕೈ ಹಿಡಿದು ನಿಲ್ಲಿಸಿದರು. ಅಷ್ಟರಲ್ಲಿ ಅವಳು ತಿರುಗಿ ನಮ್ಮನ್ನು ನೋಡಿದಳು. ಪಂಚೆ ಕೈಯಿಂದ ಜಾರಿತು.

“ಗಿರಿಜಾ, ಇನ್ನೊಂದ್ಸಲ ಹೇಳು” ಎಂದರು ಟೀಚರ್.

“ಇ... ಇ... ಇ...” ಮುಖ ಕೆಂಪಾಯಿತು.

ಟೀಚರ್ ಹತ್ತಿರ ಹೋಗಲಿಲ್ಲ. ಅಲ್ಲೇ ಇದ್ದ ಮಂಕರಿಯನ್ನು ಬೋರಲು ಹಾಕಿ, ಅವಳಿಗೆ ಬೆನ್ನು ತಿರುಗಿಸಿ ಕೂತರು. “ನಾನು ನೋಡಲ್ಲ. ನೀನು ಬಟ್ಟೆ ಒಗಿ. ಬಟ್ಟೆ ಹೇಳಿದ ಹಾಗೆ ಹೇಳು.”

ಗಿರಿಜಕ್ಕ ಜಾರಿದ ಪಂಚೆಯನ್ನು ಎತ್ತಿಕೊಂಡಳು. ಆಮೇಲೆ ಪಂಚೆ ಕಲ್ಲಿಗೆ ಬಿತ್ತು. “ಇನ್...” ಮತ್ತೆ ಬಿತ್ತು. “ಫರ್...” ‘ಷನ್’ ಮುಗಿದಾಗ ಟೀಚರ್ ಮುಖ ನನ್ನ ಕಡೆಗಿತ್ತು. ಅವರ ಕಣ್ಣು ತುಂಬಿದ್ದು ಗಿರಿಜಕ್ಕನಿಗೆ ಕಾಣಲಿಲ್ಲ, ನನಗೆ ಕಂಡಿತು.

ಅಲ್ಲಿಂದ ಮುಂದೆ ಬೆಳಗಿನ ಹೊತ್ತು ಒಗೆಯುವ ಕಲ್ಲಿನ ಹತ್ತಿರವೇ ಅವರಿಬ್ಬರ ಶಾಲೆ. ಒಬ್ಬರದು ಬೆನ್ನು, ಇನ್ನೊಬ್ಬರದು ಬಟ್ಟೆ. ಮನೆಯಲ್ಲಿ ಒಗೆದದ್ದನ್ನೇ ಮತ್ತೆ ಒಗೆದು ನನ್ನ ಲಂಗದ ಬಣ್ಣ ಆ ವರ್ಷ ಪೂರ್ತಿ ಹೋಯಿತು. ಇಂಗ್ಲಿಷ್ ಪದ ಸಲೀಸಾಗಿ ಬರುವುದೇಕೆ, ಕನ್ನಡ ಏಕೆ ಬರದು ಎಂದು ನಾನು ಟೀಚರನ್ನು ಕೇಳಿದ್ದೆ. “ಆ ಪದಗಳ ಜೊತೆ ಅವಳಿಗೆ ಹಳೇ ಜಗಳ ಇಲ್ಲ ಕಣೇ. ಅವಳು ಅವನ್ನ ಹೇಳ್ವಾಗ ಯಾರೂ ನಕ್ಕಿಲ್ಲ” ಎಂದರು. ಸ್ವಲ್ಪ ದಿನ ಬಿಟ್ಟು ಅವಳಿಗೆ ಹೇಳಿದರು: “ಇಂಗ್ಲಿಷಿಗೆ ಇರೋ ಗೆಣ್ಣು ಕನ್ನಡಕ್ಕೂ ಇದೆ ಗಿರಿಜಾ. ನೀ-ರು-ಕೊ-ಡಿ. ಇದೂ ನಾಲ್ಕೇ ಏಟು.” ಕಲ್ಲಿನ ಜಾಗಕ್ಕೆ ತೊಡೆ ಬಂತು, ಬಟ್ಟೆಯ ಜಾಗಕ್ಕೆ ಬೆರಳು. ಹಾಗೆಂದು ಉಗ್ಗು ಹೋಯಿತೆಂದಲ್ಲ. ಗಾಬರಿಯಾದರೆ, ಹೊಸಬರು ಬಂದರೆ, ಎಲ್ಲ ಮರೆತು ಮೊದಲಿನ ಹಾಗೇ ಆಗುತ್ತಿತ್ತು.

ಚಳಿಗಾಲ ಶುರುವಾದಾಗ ಅಪ್ಪನ ಪಾದಕ್ಕೆ ತೆಂಗಿನ ಮಟ್ಟೆಯ ಸಿಬಿರು ಚುಚ್ಚಿತು. ನಾಲ್ಕು ದಿನ ಉಪೇಕ್ಷೆ ಮಾಡಿದರು. ಕಾಲು ಮೊಣಕಾಲವರೆಗೆ ಊದಿತು, ಜ್ವರದಲ್ಲಿ ಮಾತು ತಪ್ಪತೊಡಗಿತು. ಚಿಕ್ಕಪ್ಪ, ಗಿರಿಜಕ್ಕ, ನಾನು ಸೇರಿ ಬೆಳಗಿನ ಬಸ್ಸಿಗೆ ತಿಪಟೂರಿಗೆ ಕರೆದುಕೊಂಡು ಹೋದೆವು. ಹಸು ಕರು ಹಾಕುವುದರಲ್ಲಿತ್ತು, ಅಮ್ಮ ಮನೆ ಬಿಡುವಂತಿರಲಿಲ್ಲ.

ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ ಚಿಕ್ಕಪ್ಪ ಜವಾಬ್ದಾರಿಯಿಂದಲೇ, “ನಮ್ಮಣ್ಣಂಗೆ ಪೆನ್ಸಿಲಿ ಆಗಾಕಿಲ್ಲ” ಎಂದಿದ್ದರಂತೆ. ಬರೆದುಕೊಳ್ಳುತ್ತಿದ್ದ ಹುಡುಗ, “ನಾವು ಪೆನ್ನಲ್ಲೇ ಬರ್ಯೋದು ಬುಡಿ ಯಜಮಾನ್ರೇ” ಎಂದನಂತೆ. ಹೇಳುವುದನ್ನು ಹೇಳಿಯಾಯಿತೆಂದು ಚಿಕ್ಕಪ್ಪ ನಿಶ್ಚಿಂತೆಯಿಂದ ಟೀ ಕುಡಿಯಲು ಹೋದರು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಅಪ್ಪನನ್ನು ಮಂಚದ ಮೇಲೆ ಮಲಗಿಸಿ, ಗಿರಿಜಕ್ಕನನ್ನು ಪಕ್ಕದಲ್ಲಿ ಕೂರಿಸಿ, ನಾನು ಕುಡಿಯುವ ನೀರು ತರಲು ಚೊಂಬು ಹಿಡಿದು ಹೋದೆ.

ವಾಪಸು ಬಂದು ಬಾಗಿಲಲ್ಲಿ ನಿಂತಾಗ ಕಂಡದ್ದು ಇದು. ನರ್ಸಮ್ಮ ಇಂಜೆಕ್ಷನ್ ಹಿಡಿದು ನಿಂತಿದ್ದಾರೆ. ಗಿರಿಜಕ್ಕ ಅಪ್ಪನ ತೋಳನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದಾಳೆ.

“ಕೈ ತೆಗಿಯಮ್ಮ. ನೋವಾಗಲ್ಲ ನಿಮ್ಮಪ್ಪಂಗೆ.”

ಗಿರಿಜಕ್ಕ ತಲೆ ಆಡಿಸಿದಳು. “ಪೆ... ಪೆ... ಪೆ...”

“ಪೆನ್ ಬೇಕಾ? ಆಮೇಲೆ ಕೊಡ್ತೀನಿ, ಈಗ ಕೈ ತೆಗಿ.”

“ಪೆ... ಪೆ...” ಕತ್ತಿನ ನರ ಉಬ್ಬಿತು. ಪಕ್ಕದ ಮಂಚದವರು ಎದ್ದು ಕೂತು ನೋಡತೊಡಗಿದರು. ಯಾರೋ, “ಪಾಪ, ಮಾತು ಬರಲ್ಲ ಕಣ್ರೀ” ಎಂದರು. ನರ್ಸಮ್ಮ ಮೃದುವಾಗಿಯೇ ಅವಳ ಬೆರಳು ಬಿಡಿಸಲು ಬಗ್ಗಿದರು. ನಾನು ಚೊಂಬು ಕೆಳಗಿಟ್ಟು ಓಡಬೇಕೆಂದುಕೊಳ್ಳುವಷ್ಟರಲ್ಲಿ ಗಿರಿಜಕ್ಕ ಕಣ್ಣು ಮುಚ್ಚಿದಳು. ಒಂದು ಕೈಯನ್ನು ಅಪ್ಪನ ತೋಳಿನ ಮೇಲೇ ಬಿಟ್ಟು, ಇನ್ನೊಂದರಿಂದ ಮಂಚದ ಕಬ್ಬಿಣದ ಸರಳಿಗೆ ಹೊಡೆದಳು. ಟಣ್.

“ಪೆ.” ಟಣ್. “ನಿ.” ಟಣ್. “ಸಿ.” ಅದಕ್ಕೆ ಜೋರಾಗಿ ಹೊಡೆದಳು. “ಲಿನ್.”

ನರ್ಸಮ್ಮನ ಕೈ ಅಲ್ಲೇ ನಿಂತಿತು.

“ನ-ಮ್ಮ-ಪ್ಪಂ-ಗೆ. ಆ-ಗ-ಲ್ಲ.” ಮತ್ತೆ ಉಸಿರು ತೆಗೆದುಕೊಂಡಳು. “ಮೈ-ಯೆ-ಲ್ಲ ದ-ದ್ದು. ಉ-ಸ್ರು ನಿಂ-ತಿ-ತ್ತು.”

“ಅಯ್ಯೋ ದೇವ್ರೇ” ಎಂದವರೇ ನರ್ಸಮ್ಮ ಇಂಜೆಕ್ಷನ್ ಟ್ರೇಗೆ ಹಾಕಿ ಡಾಕ್ಟರನ್ನು ಕರೆಯಲು ಓಡಿದರು. ಡಾಕ್ಟರು ಬಂದು, ಬೇರೆ ಔಷಧಿ ಬರೆದು, ಅಪ್ಪನ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಆ ಹೆಸರು ಬರೆದು ಅಡಿಗೆರೆ ಎಳೆದರು. “ಸರಿಯಾದ ಹೊತ್ತಿಗೆ ಹೇಳ್ದೆ ಕಣಮ್ಮ” ಎಂದರು ಗಿರಿಜಕ್ಕನಿಗೆ. ಅವಳು ಅಷ್ಟು ಹೊತ್ತಿಗೆ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ನೀರು ಕುಡಿಸಿದೆ. ಚೊಂಬು ಅವಳ ಹಲ್ಲಿಗೆ ತಾಕಿ ಕಟಕಟ ಎನ್ನುತ್ತಿತ್ತು.

ಜ್ವರ ಇಳಿದ ಮೇಲೆ ಅಪ್ಪ ಹೇಳಿದರು: “ಅವತ್ತು ಯಾರೋ ಗಟ್ಟಿಯಾಗಿ ಇಂಗ್ಲಿಷ್ ಮಾತಾಡಿದ್ದು ಕೇಳಿಸ್ತು ಕಣವ್ವ. ಯಾರೋ ಡಾಕ್ಟ್ರಮ್ಮ ಅನ್ಕೊಂಡೆ. ನೀನೇನಾ?” ಗಿರಿಜಕ್ಕ ನಾಚಿಕೊಂಡು ಅವರ ಹೊದಿಕೆ ಸರಿಮಾಡಿದಳು.

ಮರು ವರ್ಷ ಟೀಚರಿಗೆ ಚಿಕ್ಕನಾಯಕನಹಳ್ಳಿಗೆ ವರ್ಗವಾಯಿತು. ಬಸ್ಸು ಹತ್ತಿಸಲು ನಾವೆಲ್ಲ ಹೋಗಿದ್ದೆವು. ಗಿರಿಜಕ್ಕ ಏನೋ ಹೇಳಲು ಹೊರಟಳು, ಬರಲಿಲ್ಲ. ಟೀಚರ್ ತಟ್ಟನೆ ಅವಳಿಗೆ ಬೆನ್ನು ತಿರುಗಿಸಿ ನಿಂತರು, ರಸ್ತೆ ನೋಡುತ್ತ. ಅವರ ಬೆನ್ನಿಗೆ ಗಿರಿಜಕ್ಕ ಬೆರಳಿಂದ ಮೆಲ್ಲಗೆ ತಟ್ಟುತ್ತ, “ಹೋ-ಗಿ-ಬ-ನ್ನಿ” ಎಂದಳು. ಡ್ರೈವರು ಹಾರನ್ ಹೊಡೆದರೂ ಟೀಚರ್ ಅದು ಮುಗಿಯುವವರೆಗೆ ಕದಲಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಅರಳಗುಪ್ಪೆಯ ಕಡೆಯಿಂದ ಒಂದು ಸಂಬಂಧ ಬಂತು. ತೋಟ, ರಾಗಿ ಹೊಲ ಇದ್ದ ಮನೆ. ನಡುವಿನವರು ‘ಹುಡುಗಿಗೆ ಮಾತು ಕಮ್ಮಿ’ ಎಂದಷ್ಟೇ ಹೇಳೋಣ ಎಂದಿದ್ದರು. ಅಪ್ಪ ಒಪ್ಪಲಿಲ್ಲ, ಉಗ್ಗಿದೆಯೆಂದು ಮೊದಲೇ ಹೇಳಿಕಳಿಸಿದರು. ಆದರೂ ಬಂದರು. ಹುಡುಗ, ಅವನ ತಾಯಿ, ಸೋದರಮಾವ.

ಗಿರಿಜಕ್ಕ ಕಾಫಿಯ ತಟ್ಟೆ ಹಿಡಿದು ಬಂದಳು. ಹುಡುಗನ ತಾಯಿ ಅಕ್ಕರೆಯಿಂದಲೇ ಕೇಳಿದರು, “ನಿನ್ನೆಸ್ರೇನವ್ವ?”

ಅವಳ ಎರಡೂ ಕೈಯಲ್ಲಿ ತಟ್ಟೆ. ತಟ್ಟಲು ಬೆರಳಿಲ್ಲ.

“ಗಿ... ಗಿ...”

ಲೋಟಗಳು ಅಲುಗಿದವು. ನಮ್ಮ ಮನೆಯಲ್ಲಿ ಅವಳ ಮಾತನ್ನು ನಾವು ಮುಗಿಸಿಕೊಡುತ್ತಿದ್ದೆವು, ಪ್ರೀತಿಯಿಂದಲೇ. ಅಮ್ಮನ ಬಾಯಿ ತೆರೆದಿತ್ತು, ನನ್ನದೂ. ಅಷ್ಟರಲ್ಲಿ ಹುಡುಗನ ತಾಯಿಯೇ, “ಗೀತಾನಾ?” ಎಂದರು.

“ಅವ್ವಾ, ತಡಿ. ಅವ್ರೇ ಹೇಳ್ತಾರೆ” ಎಂದ ಹುಡುಗ. ಗಟ್ಟಿಯಾಗೇನೂ ಅಲ್ಲ. ಎದ್ದು ಬಂದು ಅವಳ ಕೈಯಿಂದ ತಟ್ಟೆ ತೆಗೆದುಕೊಂಡು, ತನ್ನ ಕುರ್ಚಿಯ ಮೇಲಿಟ್ಟು, ಪಕ್ಕದಲ್ಲೇ ನಿಂತುಕೊಂಡ. ಅವಳ ಮುಖವನ್ನೂ ದಿಟ್ಟಿಸಲಿಲ್ಲ, ನೆಲವನ್ನೂ ನೋಡಲಿಲ್ಲ. ಹೊರಗೆ ಅಂಗಳದ ಬೆಳಕನ್ನು ನೋಡುತ್ತ ಸುಮ್ಮನೆ ನಿಂತ. ಗಿರಿಜಕ್ಕನ ಬೆರಳು ಸೆರಗಿನೊಳಗೆ ಮೆಲ್ಲಗೆ ಆಡಿತು.

“ಗಿ-ರಿ-ಜಾ.”

“ಒಳ್ಳೇ ಹೆಸ್ರು” ಎಂದು ಹುಡುಗ ಒಂದು ಲೋಟ ತೆಗೆದುಕೊಂಡ.

ಅವರು ಹೋದ ಮೇಲೆ ಅಪ್ಪ ಗಿರಿಜಕ್ಕನನ್ನು ಕರೆದು ಹತ್ತಿರ ಕೂರಿಸಿಕೊಂಡರು. “ಅವ್ರೇನೋ ಒಪ್ಪಿದಾರೆ ಕಣವ್ವ. ನಿನ್ನ ಮನಸ್ಸಲ್ಲೇನೈತೆ ಹೇಳು. ಬ್ಯಾಡ ಅಂದ್ರೆ ಬ್ಯಾಡ.”

ಗಿರಿಜಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ತಲೆ ಎತ್ತಿದಳು.

“ಅವ್ರು ಕಾ... ಕಾ... ಕಾ...”

ನಾನು ಬಾಯಿ ಹಾಕಲು ಹೋದೆ. ಅಪ್ಪ ಕೈಯೆತ್ತಿ ನನ್ನನ್ನು ತಡೆದರು, ಅಂಗಳದ ಕಡೆ ಮುಖ ತಿರುಗಿಸಿ ಕೂತರು.

“ಕಾ-ದ್ರು” ಎಂದಳು ಗಿರಿಜಕ್ಕ.